29 ಮಕ್ಕಳ ಶಾಲೆಗೆ ದುಡ್ಡು ದಂಡವೇ?

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟದ ಕಾಗದ ಬರೆದಿದ್ದಾರೆ. ತಾತ್ಪರ್ಯ ಇಷ್ಟು: ಹಾಲು, ಮೊಟ್ಟೆ, ಸಮವಸ್ತ್ರ, ಶೂ ಎಲ್ಲ ಕೊಟ್ಟರೂ ಸರ್ಕಾರಿ ಶಾಲೆಗೆ ಮಕ್ಕಳು ಬರುತ್ತಿಲ್ಲ. ಇಪ್ಪತ್ತು ಮೂವತ್ತು ಮಕ್ಕಳಿಗೆ ಇಬ್ಬರು ಮೇಷ್ಟ್ರ ಸಂಬಳ ತೆರುವುದು ದಂಡ. ಅದರ ಬದಲು ಆರ್‌ಟಿಇಯಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡಮಕ್ಕಳ ಸೀಟಿಗೆ, ಕೊಡುತ್ತಿದ್ದ ಹಾಗೆ ಮಗುವಿಗೆ ವರ್ಷಕ್ಕೆ 16,000 ರೂಪಾಯಿ ಖಾಸಗಿ ಶಾಲೆಗೆ ಕಟ್ಟಿಬಿಡಬಾರದೇಕೆ? ಕೊನೆಯಲ್ಲೊಂದು ಬಾಣ: 'ತಮ್ಮ ಮಕ್ಕಳು ಓದಿದ್ದೆಲ್ಲಿ?'

ಮಾನ್ಯರೆ,

ನಿಮ್ಮ ಅಕ್ಷರ ಮುತ್ತಿನಂತಿದೆ. ಇಷ್ಟು ದುಂಡಗೆ ಬರೆಯಲು ಕಲಿಸಿದ್ದು ಯಾವ ಶಾಲೆ ಎಂದು ನೀವು ತಿಳಿಸಿಲ್ಲ. ನಾನು ಊಹಿಸಬಲ್ಲೆ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಅನ್ನಲಾರೆ. 2012ರಿಂದ ಆರ್‌ಟಿಇ ಸೀಟು ಸಿಕ್ಕಿ ಒಳ್ಳೆಯ ಶಾಲೆ ಕಂಡ ಬಡವರ ಮಕ್ಕಳಿದ್ದಾರೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದು 2019ರಲ್ಲಿ ನಿಯಮ ಬಂದಾಗ ಪೋಷಕರು ಹೈಕೋರ್ಟಿಗೆ ಹೋದರು. ಅವರ ಸಂಕಟ ಸುಳ್ಳಲ್ಲ. ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ನನಗೆ ಸಮಾಧಾನವಾಯಿತು, ಮುಚ್ಚಿಡುವುದೇಕೆ. ಆದರೆ 'ದಂಡ' ಅಂದಿರಲ್ಲ, ಅಲ್ಲೇ ನನ್ನ ತಕರಾರು.

ಹೋದ ಜೂನಿನಲ್ಲಿ ನಾನು ಅ ಆ ಕಲಿತ ಶಾಲೆಗೆ ಹೋಗಿದ್ದೆ. ಹೆಡ್ ಮೇಡಂ ಬೀರು ತೆಗೆದು ನಗದು ಪುಸ್ತಕ ತೋರಿಸಿದರು. ಶಾಲೆಯಲ್ಲಿ 29 ಮಕ್ಕಳು. ಸಂಬಳದ ಬಾಬ್ತು ಬೇರೆ. ಶಾಲೆಯ ಕೈಖರ್ಚಿಗೆಂದು ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. ಮಕ್ಕಳು 31 ಆದರೆ ಒಮ್ಮೆಗೇ 25,000. ಬರುವ ಹತ್ತು ಸಾವಿರದಲ್ಲಿ ನೂರಕ್ಕೆ ಹತ್ತಾದರೂ ಸ್ವಚ್ಛತೆಗೆ ಮೀಸಲು. ಫಿನೈಲ್, ಪೊರಕೆ, ಸೀಮೆಸುಣ್ಣ, ನಲ್ಲಿ ರಿಪೇರಿ, ಎಲ್ಲಕ್ಕೂ ಓಚರ್ ಅಂಟಿಸಿದ್ದರು. ಓಚರ್ ಇಲ್ಲದ್ದು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿತ್ತು. ಅದು ಅವರ ಪರ್ಸಿನಿಂದ ಹೋದದ್ದು. ಕೂಡಿ ನೋಡೋಣ ಎಂದರೆ ರಟ್ಟು ಮಡಚಿದರು.

ಆ 'ಇನ್ನೆರಡು ಮಕ್ಕಳಿಗಾಗಿ' ಮೇ ಬಿಸಿಲಲ್ಲಿ ಮನೆ ಮನೆ ಅಲೆದಿದ್ದರಂತೆ. ಒಂದು ಮನೆಯವರು ಹೂಂ ಅಂದಿದ್ದರು. ಅವಳಿ ಮಕ್ಕಳು! ಜೂನ್ ಮೊದಲ ವಾರ ಆ ಮನೆ ಮುಂದೆ ಖಾಸಗಿ ಶಾಲೆಯ ಹಳದಿ ವ್ಯಾನ್ ಬಂದು ಹಾರ್ನ್ ಹೊಡೆಯಿತು.

ಬ್ಯಾಂಕಿನಲ್ಲಿ ತಲೆ ನರೆತವರಿಗೆ ನಾನು ಲೆಕ್ಕ ಹೇಳಬೇಕೆ? ಮಕ್ಕಳು ಕಡಿಮೆಯಾದರೆ ಹೆಂಚು ಸೋರುವುದು ಕಡಿಮೆಯಾಗುತ್ತದೆಯೆ? ವ್ಯಾನಿಗೆ ಫೀಸು ಕಟ್ಟಬಲ್ಲವರು ಹೋದ ಮೇಲೆ ಉಳಿಯುವುದು ಕೂಲಿಗೆ ಹೋಗುವವರ, ಕುರಿ ಕಾಯುವವರ ಮಕ್ಕಳು. ತಲೆ ಎಣಿಸಿ ದುಡ್ಡು ಕೊಟ್ಟರೆ ಕಡುಬಡವರೇ ಉಳಿದ ಶಾಲೆಗೆ ಕಡಿಮೆ ದುಡ್ಡು. ಸಾಲದಲ್ಲಿ ನೂರಕ್ಕೆ 40 ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ಹೋಗಲೇಬೇಕೆಂದು ರಿಸರ್ವ್ ಬ್ಯಾಂಕು ಹೇಳಿದಾಗ ನೀವದನ್ನು ದಂಡ ಅಂದಿರಾ? ಅಂದಿರಬಹುದು, ಬಿಡಿ.

ನೆದರ್‌ಲ್ಯಾಂಡ್ಸ್‌ನವರು 1985ರಲ್ಲೇ ಈ ಗಂಟು ಬಿಚ್ಚಿದರು. ಕಡಿಮೆ ಓದಿದ ತಂದೆತಾಯಿಯ ಮಗುವನ್ನು 1.25 ಎಂದೂ, ಅಂಥದೇ ವಲಸಿಗರ ಮಗುವನ್ನು 1.9 ಎಂದೂ ಎಣಿಸಿ ಶಾಲೆಗೆ ಮೇಷ್ಟ್ರನ್ನು ಕೊಟ್ಟರು. ತಲೆಗೆ 1.25ರ ಆ ಲೆಕ್ಕ ಹಿಡಿದರೆ ನಮ್ಮ ಮೇಡಂನ 29 ಮಕ್ಕಳು 36 ದಾಟುತ್ತಾರೆ, ಮೇ ಬಿಸಿಲು ತಪ್ಪುತ್ತದೆ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಬಡಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರದಿಂದ ಹಣ ಹರಿಸುವ ಕಾಯ್ದೆಗೆ 1965ರ ಏಪ್ರಿಲ್ 11ರಂದು ಸಹಿ ಹಾಕಿದರು. ಎಲ್ಲಿ? ಶ್ವೇತಭವನದಲ್ಲಲ್ಲ. ಟೆಕ್ಸಾಸಿನಲ್ಲಿ ತಾವು ಚಿಕ್ಕಂದಿನಲ್ಲಿ ಓದಿದ ಒಂದೇ ಕೋಣೆಯ ಹಳೆಯ ಶಾಲೆಯ ಮುಂದೆ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. ವಿಯೆಟ್ನಾಮಿನಲ್ಲಿ ಆತ ಮಾಡಿದ್ದನ್ನು ನಾನು ಕ್ಷಮಿಸುವವನಲ್ಲ. ಆದರೂ ಆ ಬೆಂಚು ಕಣ್ಣಿಗೆ ಕಟ್ಟುತ್ತದೆ.

ನಮ್ಮಲ್ಲಿ? ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು 2023ರ ರಾಜ್ಯೋತ್ಸವದಂದು ಸರ್ಕಾರ ಹೇಳಿತು, ಶಹಭಾಸ್. ಆದರೆ ಸಾಹುಕಾರನ ಮಗುವೂ ಜೀತದವನ ಮಗುವೂ ನೆರೆಯ ಒಂದೇ ಶಾಲೆಗೆ ಹೋಗಲಿ, ರಾಷ್ಟ್ರದ ಆದಾಯದಲ್ಲಿ ನೂರಕ್ಕೆ 6 ಶಿಕ್ಷಣಕ್ಕಿರಲಿ ಎಂದು ಶಿಕ್ಷಣ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲಿ ಹೇಳಿದ್ದನ್ನು ಶಿಕ್ಷಕರ ದಿನಾಚರಣೆಯ ಭಾಷಣಕ್ಕೆ ಎತ್ತಿಟ್ಟುಕೊಂಡೆವು. ಮೊನ್ನೆ ನನ್ನೂರಿನವರು ಚಂದಾ ಎತ್ತಿ ಊರಬಾಗಿಲಿಗೆ ಮಹಾದ್ವಾರ ಕಟ್ಟಿದರು. ಅದರ ಕೆಳಗೇ ಹಾದು ಬರುವ ಮಕ್ಕಳ ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಐದು ಸಾವಿರ. ಪತ್ರಿಕೆಯವರೇನು ಕಡಿಮೆ? ಏಪ್ರಿಲ್ ಮೇ ಬಂದರೆ ಇದೇ ಪುಟಗಳ ತುಂಬ ಈಜುಕೊಳವಿರುವ ಶಾಲೆಗಳ ಜಾಹೀರಾತು. ಈ ಉತ್ತರದ ಎದುರು ಪುಟದಲ್ಲೂ ಒಂದಿದ್ದರೆ ನೀವು ಕಾಗದ ಬರೆಯುವಿರಿ, ಗೊತ್ತು.

ಇನ್ನು ನಿಮ್ಮ ಬಾಣ. ನನ್ನ ಮಗಳು ಓದಿದ್ದು ಖಾಸಗಿ ಶಾಲೆಯಲ್ಲಿ, ಹಳದಿ ವ್ಯಾನಿನಲ್ಲೇ ಹೋಗಿ. ಈ ಸಾಲು ಅಚ್ಚಿಗೆ ಹೋಗುವ ಮುಂಚೆ ಅವಳಿಗೆ ಓದಿ ಹೇಳಿದೆ. 'ಮೊದಲ ಪ್ಯಾರಾದಲ್ಲೇ ಹಾಕಬೇಕಿತ್ತಪ್ಪ' ಅಂದಳು.

- ಸಂ.