ಗಣಿಯ ಆಮ್ಲ ನೀರಿನಲ್ಲಿರುವ ಆರ್ಸೆನಿಕ್ ಹಳ್ಳದ ಕೆಸರಿನಲ್ಲಿ ತಾನಾಗಿ ಇಳಿದುಹೋಗುತ್ತದೆಯೇ? ನಮ್ಮ ತೋಡಿನ ಕಿತ್ತಳೆ ಕೆಸರೂ ಅದೇನಾ?

ಪೊನ್ನಂಪೇಟೆ ಹತ್ತಿರ ಗದ್ದೆ ಬದಿಯ ತೋಡಿನಲ್ಲಿ ಕಿತ್ತಳೆ ಬಣ್ಣದ ಕೆಸರು, ಮೇಲೆ ಎಣ್ಣೆಯಂಥ ಪದರ ಕಂಡಿತು, ಗಣಿ ಹಳ್ಳಗಳ ಬಗ್ಗೆ ಓದಿದ ಮೇಲೆ ಹೆದರಿಕೆಯಾಯಿತು ಎಂದು ಬರೆದಿದ್ದೀರಿ. ನಮ್ಮ ತೋಟದ ಕೆಳಗಿನ ಗದ್ದೆಯಲ್ಲೂ ಇದೇ ಇದೆ, ಹೆದರಬೇಡಿ.

ಒಂದು ಕಡ್ಡಿಯಿಂದ ಆ ಪದರವನ್ನು ಮುಟ್ಟಿ ನೋಡಿ. ಚೂರುಚೂರಾಗಿ ಒಡೆದು ಹಾಗೆಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಮತ್ತೆ ಕೂಡಿಕೊಂಡರೆ ಡೀಸೆಲ್ಲೋ ಎಣ್ಣೆಯೋ ಸೇರಿದೆ ಎಂದರ್ಥ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಧಾರಾಳ. ಗದ್ದೆಯಲ್ಲಿ ನೀರು ನಿಂತು, ಸೊಪ್ಪು ಹುಲ್ಲು ಕೊಳೆತು, ಮಣ್ಣಿಗೆ ಗಾಳಿಯಾಡದೆ ಹೋದಾಗ ಆ ಕಬ್ಬಿಣ ಕರಗುತ್ತದೆ. ಒರತೆಯ ಜೊತೆ ಹೊರಬಂದು ಗಾಳಿ ತಾಗಿದಾಗ ತುಕ್ಕಾಗಿ ತಳಕ್ಕೆ ಕೂರುತ್ತದೆ. ಇದಕ್ಕೆ ಗಣಿ ಬೇಕಿಲ್ಲ. ನೀರಿನ ಹುಳಿ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಗಣಿಯ ಆಮ್ಲ ನೀರು ಸಾಮಾನ್ಯವಾಗಿ 3ರ ಆಸುಪಾಸು ಇರುತ್ತದೆ. ನಿಮ್ಮದು 6ರ ಹತ್ತಿರ ಬಂದರೆ ಆ ಚಿಂತೆ ಬಿಡಿ.

ಇನ್ನು ಗಣಿ ಹಳ್ಳಗಳ ವಿಷಯ. ಫ್ರಾನ್ಸಿನ ದಕ್ಷಿಣದಲ್ಲಿ ಕಾರ್ನುಲೆಸ್ ಎಂಬ ಸೀಸ, ಸತುವಿನ ಗಣಿ 1962ರಲ್ಲಿ ಮುಚ್ಚಿತು. ಬಿಟ್ಟುಹೋದ ಸುಮಾರು 15 ಲಕ್ಷ ಟನ್ ತ್ಯಾಜ್ಯದ ಬುಡದಿಂದ ಒಂದು ಹಳ್ಳ ಹುಟ್ಟುತ್ತದೆ. ತ್ಯಾಜ್ಯದಲ್ಲಿರುವ ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜಕ್ಕೆ ಗಾಳಿ ನೀರು ತಾಗಿ ಗಂಧಕಾಮ್ಲ ಉಂಟಾಗುತ್ತದೆ, ಕಬ್ಬಿಣ ಆರ್ಸೆನಿಕ್ ಎರಡೂ ಕರಗಿ ಬರುತ್ತವೆ. ಮೂಲದಲ್ಲಿ ಲೀಟರಿಗೆ 100 ಮಿಲಿಗ್ರಾಂ ಮೀರಿದ ಆರ್ಸೆನಿಕ್ ಅಳೆದಿದ್ದಾರೆ. ಕುಡಿಯುವ ನೀರಿಗೆ ಮಿತಿ 0.01 ಮಿಲಿಗ್ರಾಂ! ಅಂಥ ನೀರು ಬರೀ 30 ಮೀಟರ್ ಹರಿಯುವುದರೊಳಗೆ ಶೇ. 20ರಿಂದ 60ರಷ್ಟು ಆರ್ಸೆನಿಕ್ ಕೆಸರಿಗೆ ಇಳಿಯುತ್ತದೆ.

ಇದನ್ನು ಮಾಡುವುದು ಬ್ಯಾಕ್ಟೀರಿಯಾಗಳು. ಅಷ್ಟು ಹುಳಿ ನೀರಿನಲ್ಲಿ ಕಬ್ಬಿಣ ತಾನಾಗಿ ತುಕ್ಕಾಗುವುದು ಬಲು ನಿಧಾನ. ಅಸಿಡಿಥಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಲಕ್ಷಾಂತರ ಪಟ್ಟು ಚುರುಕುಗೊಳಿಸುತ್ತದೆ. ಥಯೋಮೊನಾಸ್ ಎಂಬ ಇನ್ನೊಂದು, ಆರ್ಸೆನಿಕ್ಕಿನ ಒಂದು ರೂಪವಾದ ಆರ್ಸೆನೈಟನ್ನು ಇನ್ನೊಂದು ರೂಪವಾದ ಆರ್ಸೆನೇಟ್ ಮಾಡುತ್ತದೆ. ಆ ಹುಳಿಯಲ್ಲಿ ಆರ್ಸೆನೇಟಿಗೆ ಋಣ ವಿದ್ಯುದಂಶ, ತುಕ್ಕಿನ ಮೈಗೆ ಧನ ವಿದ್ಯುದಂಶ. ಹಾಗಾಗಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದು ನಿಜಕ್ಕೂ ಬೆರಗಿನ ಸಂಗತಿ.

ಆದರೆ ಪ್ರಕೃತಿಯೇ ತೊಳೆಯುತ್ತದೆ ಎಂದು ಗಣಿ ತ್ಯಾಜ್ಯವನ್ನು ಹಾಗೇ ಬಿಡುವುದನ್ನು ನಾನು ಒಪ್ಪಲಾರೆ. ಆರ್ಸೆನಿಕ್ ನೀರಿನಿಂದ ಕೆಸರಿಗೆ ಹೋಗಿದೆ, ಅಷ್ಟೇ. ಜೋರು ಮಳೆಗೆ ಆ ಕೆಸರು ಕೊಚ್ಚಿ ಕೆಳಗಿನ ನದಿ ಸೇರುತ್ತದೆ. ಕೊಳೆಯುವ ಎಲೆ ಕಸದಡಿ ಹೂತು ಗಾಳಿ ತಪ್ಪಿದರೆ ತುಕ್ಕು ಮತ್ತೆ ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ. ಬಂಗಾಳದ ಕೊಳವೆಬಾವಿಗಳಿಗೆ ವಿಷ ಬಂದದ್ದು ಹೆಚ್ಚಾಗಿ ಈ ದಾರಿಯಲ್ಲೇ, ಅಲ್ಲಿ ಗಣಿ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಆರ್ಸೆನಿಕ್ ತೊಂದರೆ ಕಂಡದ್ದು ಯಾದಗಿರಿ, ರಾಯಚೂರು ಕಡೆ. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಶಿಲೆಗಳಲ್ಲಿ ಆರ್ಸೆನೋಪೈರೈಟ್ ಎಂಬ ಆರ್ಸೆನಿಕ್ ಇರುವ ಖನಿಜ ಇದೆ.

ಆದರೂ ಮನಸ್ಸಿಗೆ ಸಮಾಧಾನವಾಗದಿದ್ದರೆ ತೋಡಿನದಲ್ಲ, ಕುಡಿಯುವ ಬಾವಿಯ ನೀರನ್ನು ಪರೀಕ್ಷೆಗೆ ಕೊಡಿ. ಆರ್ಸೆನಿಕ್ ಪರೀಕ್ಷೆ ಎಂದು ಮೊದಲೇ ಹೇಳಿ, ನೈಟ್ರಿಕ್ ಆಮ್ಲ ಹಾಕಿದ ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ಕೇಳಿ ತನ್ನಿ. ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ಎರಡು ದಿನ ಇಟ್ಟರೆ ಕಬ್ಬಿಣ ಅದರೊಳಗೇ ತುಕ್ಕಾಗಿ ತಳಕ್ಕೆ ಕೂರುತ್ತದೆ, ಇದ್ದ ಆರ್ಸೆನಿಕ್ಕನ್ನೂ ಎಳೆದುಕೊಳ್ಳುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಅಳೆದರೆ ವರದಿಯಲ್ಲಿ ಇರುವುದಕ್ಕಿಂತ ಕಡಿಮೆ ಬರುತ್ತದೆ.