ಬುಲೆಟ್ ಓಡಿಸುವವರನ್ನು ಮೇಸನ್‌ಗಳು ಸೇರಿಸಿಕೊಳ್ಳುತ್ತಾರಾ?

ಉಪ್ಪಳದಿಂದ ಬುಲೆಟ್‌ನಲ್ಲೇ ಮೇಸನ್‌ಗಳ (ಫ್ರೀಮೇಸನ್ ಅನ್ನುವ ಹಳೆಯ ಸಹೋದರ ಸಂಘದವರ) ಲಾಡ್ಜಿಗೆ, ಅಂದರೆ ಅವರು ಸಭೆ ಸೇರುವ ಜಾಗಕ್ಕೆ, ಹೋದರೆ ಏನಾದರೂ ಅಂದುಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಅವರು ನೋಡುವುದು 21 ವರ್ಷ ತುಂಬಿದೆಯಾ, ದೇವರನ್ನು ನಂಬುತ್ತೀರಾ ಅಂತ. ಯಾವ ದೇವರು ಅಂತಲೂ ಕೇಳುವುದಿಲ್ಲ, ಇನ್ನು ಗಾಡಿ ಯಾರಿಗೆ ಬೇಕು!

ಪೀಕಲಾಟ ಇರುವುದು ಬಟ್ಟೆಯದ್ದು. ಒಳಗೆ ಕಪ್ಪು ಕೋಟು, ಬಿಳಿ ಗ್ಲೌಸ್, ಮೇಲೆ ಕುರಿಮರಿ ಚರ್ಮದ ಬಿಳಿ ಏಪ್ರನ್. ಮಡಚಿದರೆ ಅದಕ್ಕೆ ಗೆರೆ ಬೀಳುತ್ತದೆ, ಚಪ್ಪಟೆ ಪೆಟ್ಟಿಗೆಯಲ್ಲೇ ಒಯ್ಯಬೇಕು. ಜೂನ್ ಮಳೆಯಲ್ಲಿ ಹೆದ್ದಾರಿ 66ರ ಕೆಸರು ಗೊತ್ತಲ್ವಾ? ಪೆಟ್ಟಿಗೆಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ಹಿಂದಿನ ಸೀಟಿಗೆ ಬಿಗಿಯಿರಿ. ಶೂ ಬೇರೆ ಇಟ್ಟುಕೊಳ್ಳಿ. ಸ್ವಲ್ಪ ಬೇಗ ಹೊರಡಿ, ಬಾಗಿಲು ಹಾಕಿದ ಮೇಲೆ ಕತ್ತಿ ಹಿಡಿದ ಕಾವಲಿನವರು ಹೊರಗೆ ನಿಂತಿರುತ್ತಾರೆ, ಸುಮ್ನೆ ನುಗ್ಗಲು ಆಗುವುದಿಲ್ಲ.

'ವಿಡೋಸ್ ಸನ್ಸ್' ಅನ್ನುವ ಮೇಸನ್ ಬೈಕರ್‌ಗಳ ಕೂಟವೂ ಇದೆ, ಅಮೆರಿಕದಲ್ಲಿ ಹುಟ್ಟಿದ್ದು. ಅದಕ್ಕೆ ಮಾತ್ರ ಅವಸರ ಬೇಡ. ಮೂರನೇ ಡಿಗ್ರಿ, ಅಂದರೆ ಸಂಘದ ಮೂರನೇ ಹಂತ, ಮುಗಿಸಿ ಮಾಸ್ಟರ್ ಮೇಸನ್ ಆದವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ.