ಗುಳ್ಳೆ ಬಂದ ಕಿಮ್ಚಿ ಚೆಲ್ಲಬೇಡಿ

ಮನೆಯಲ್ಲಿ ಕಿಮ್ಚಿ, ಅಂದರೆ ಕೋಸನ್ನು ಹುದುಗಿಸಿ ಮಾಡುವ ಕೊರಿಯಾದ ಉಪ್ಪಿನಕಾಯಿ, ಹಾಕಿದ್ದೀರಿ. ಮೂರನೇ ದಿನಕ್ಕೇ ಡಬ್ಬಿಯಲ್ಲಿ ಗುಳ್ಳೆ, ಹುಳಿ ವಾಸನೆ. ವಿನೆಗರ್ ಹಾಕದೆ ಕೆಟ್ಟುಹೋಯಿತೇ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಈಗಷ್ಟೇ ಕಿಮ್ಚಿ ಆಗುತ್ತಿದೆ! ಕಿಮ್ಚಿಗೆ ವಿನೆಗರ್ ಬೇಕಾಗಿಲ್ಲ. ಎಲೆಕೋಸಿನಲ್ಲೇ ಇರುವ ಬ್ಯಾಕ್ಟೀರಿಯಾಗಳು ಅದರ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅದೇ ಆ ಹುಳಿ. ಗುಳ್ಳೆ ಇಂಗಾಲದ ಡೈಆಕ್ಸೈಡ್. ನಮ್ಮ ದೋಸೆ ಹಿಟ್ಟು ಉಬ್ಬಿಸುವುದೂ ಇದೇ ಬಳಗ.

ನಿಜವಾದ ಗುಟ್ಟು ಉಪ್ಪಿನದು. ಕೊರಿಯನ್ನರು ಬೆಚು ಎನ್ನುವ ಉದ್ದನೆಯ ಕೋಸನ್ನು ಸೀಳಿ, ಎಲೆ ಎಲೆಗೂ ಉಪ್ಪು ಸವರಿ ಗಂಟೆಗಟ್ಟಲೆ ಬಿಡುತ್ತಾರೆ. ಬಿಳಿ ದಂಟು ಮುರಿಯದೆ ಬಾಗಬೇಕು. ಆಮೇಲೆ ಎರಡು ಮೂರು ಸಲ ತೊಳೆದು ನೀರು ಬಸಿಯಬೇಕು. ಇದರಲ್ಲಿ ಅವಸರ ಮಾಡಿದರೆ ಕಿಮ್ಚಿ ನೀರುನೀರಾಗುತ್ತದೆ. ಉಳಿದದ್ದು ಸುಲಭ: ಅಕ್ಕಿಹಿಟ್ಟಿನ ಗಂಜಿ, ಗೊಚುಗರು ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿ, ಉಪ್ಪುಹಾಕಿದ ಸಿಗಡಿ ಅಥವಾ ಮೀನಿನ ಸಾಸ್ ಕಲಸಿ ಎಲೆಗಳ ನಡುವೆ ಮೆತ್ತುವುದು. ಗೊಚುಗರು ಸಿಗದಿದ್ದರೆ ಬ್ಯಾಡಗಿ ಸಾಕು, ಬಣ್ಣ ಬರುತ್ತದೆ, ಖಾರ ಮಿತ. ಸಸ್ಯಾಹಾರಿಗಳೇ? ಸಿಗಡಿ, ಮೀನು ಬಿಡಿ. ಅಲ್ಲಿನ ಬೌದ್ಧ ಮಠಗಳ ಕಿಮ್ಚಿಯಲ್ಲಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಈಗ ನಿಮ್ಮ ಡಬ್ಬಿಯ ಕೋಸನ್ನು ಚಮಚದಿಂದ ಒತ್ತಿ ರಸದಲ್ಲಿ ಮುಳುಗಿಸಿ, ಫ್ರಿಜ್ಜಿಗಿಡಿ. ಹಿಂದೆ ಚಳಿಗಾಲದಲ್ಲಿ ಒಂಗಿ ಎಂಬ ಮಣ್ಣಿನ ಜಾಡಿಯನ್ನು ನೆಲದಲ್ಲಿ ಹೂಳುತ್ತಿದ್ದರು, ಅದೇ ಅವರ ಫ್ರಿಜ್ಜು. ಮೇಲೆ ತುಪ್ಪಳದಂಥ ಬೂಷ್ಟು ಬಂದರೆ ಮಾತ್ರ ಎಸೆಯಿರಿ. ಬಹಳ ಹುಳಿಯಾದರೆ ತೋಫು (ಸೋಯಾ ಪನೀರ್) ಹಾಕಿ ಕುದಿಸಿ, ಜಿಗೆ ಎಂಬ ಸಾರು ಅದರಿಂದಲೇ ಚೆನ್ನ.